ಮುತ್ತಿನ ದುಡ್ಡಲ್ಲಿ ಕಟ್ಟಿದ ಶಾಲೆ

ದುಬೈನಲ್ಲಿ ವರ್ಷಗಟ್ಟಲೆ ಇದ್ದವರಿಗೂ ದೇರಾ ಅಂದರೆ ಗೋಲ್ಡ್ ಸೂಕ್, ಮಸಾಲೆ ಅಂಗಡಿ, ಊರಿಗೆ ಹೋಗುವ ಮುಂಚಿನ ಶಾಪಿಂಗ್, ಅಷ್ಟೇ. ಆದರೆ ಗ್ರೀನ್ ಲೈನ್ ಮೆಟ್ರೋದಲ್ಲಿ ಅಲ್ ರಾಸ್ ಸ್ಟೇಷನ್‌ಗೆ ಇಳಿದು ಗಲ್ಲಿಗಳ ಒಳಗೆ ಸ್ವಲ್ಪ ನಡೆದರೆ ಮಣ್ಣಿನ ಬಣ್ಣದ, ಅಂಗಳ ಇರುವ ಎರಡಂತಸ್ತಿನ ಕಟ್ಟಡವೊಂದು ಸಿಗುತ್ತದೆ. ಅದು ಅಲ್ ಅಹ್ಮದಿಯಾ ಶಾಲೆ. ಶುರುವಾಗಿದ್ದು 1912ರಲ್ಲಿ. ದುಬೈನ ಮೊದಲ ವ್ಯವಸ್ಥಿತ ಶಾಲೆ ಅಂತ ಇದನ್ನೇ ಕರೆಯುತ್ತಾರೆ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ದುಬೈನಲ್ಲಿ ತೈಲ ಸಿಕ್ಕಿದ್ದು 1966ರಲ್ಲಿ. ಯುಎಇ ಎಂಬ ದೇಶ ಹುಟ್ಟಿದ್ದು 1971ರಲ್ಲಿ. ಅಂದರೆ ಎಣ್ಣೆಗಿಂತ 54 ವರ್ಷ ಮೊದಲೇ ಇಲ್ಲೊಂದು ಶಾಲೆ ಇತ್ತು. "ಮರಳುಗಾಡಲ್ಲಿ ಎಣ್ಣೆ ಸಿಕ್ತು, ಆಮೇಲೆ ಎಲ್ಲ ಬಂತು" ಅನ್ನೋ ಕಥೆ ನೀವೂ ಕೇಳಿರುತ್ತೀರಿ. ಆ ಕಥೆಯಲ್ಲಿ ಈ ಶಾಲೆಗೆ ಜಾಗವೇ ಇಲ್ಲ.

ಹಾಗಾದರೆ ದುಡ್ಡು ಎಲ್ಲಿಂದ ಬಂತು? ಮುತ್ತಿನಿಂದ. ಅಹ್ಮದ್ ಬಿನ್ ದಲ್ಮೂಕ್ ಎಂಬ ಮುತ್ತಿನ ವ್ಯಾಪಾರಿಯ ಕನಸು ಇದು. ಅವರು ತೀರಿಕೊಂಡ ಮೇಲೆ ಮಗ ಮೊಹಮ್ಮದ್ ಕೆಲಸ ಮುಗಿಸಿ, ತಂದೆಯ ಹೆಸರನ್ನೇ ಶಾಲೆಗೆ ಇಟ್ಟರು. ಬೇಸಿಗೆಯಲ್ಲಿ ಸಾವಿರಾರು ಜನ ದೋಣಿ ಹತ್ತಿ, ಮೂಗಿಗೆ ಕ್ಲಿಪ್ ಹಾಕಿಕೊಂಡು ಸಮುದ್ರದ ತಳಕ್ಕೆ ಮುಳುಗಿ ಚಿಪ್ಪು ತರುತ್ತಿದ್ದ ಕಾಲ ಅದು. ಆ ಮುತ್ತುಗಳಲ್ಲಿ ಬಹುಪಾಲು ಹೋಗುತ್ತಿದ್ದುದು ಬಾಂಬೆಗೆ. ಇಲ್ಲಿ ಓಡುತ್ತಿದ್ದ ನಾಣ್ಯವೂ ನಮ್ಮ ರೂಪಾಯಿಯೇ.

ಅದಕ್ಕೂ ಮೊದಲು ಮಕ್ಕಳು ಕಲಿಯುತ್ತಲೇ ಇರಲಿಲ್ಲ ಅಂತಲ್ಲ. ಮುತವ್ವ ಎಂದು ಕರೆಯುವ ಗುರುಗಳು ತಮ್ಮ ಮನೆಯಲ್ಲೋ ಮಸೀದಿಯಲ್ಲೋ ಕುರಾನ್ ಓದುವುದನ್ನು, ಒಂದಿಷ್ಟು ಬರೆಯುವುದನ್ನು ಹೇಳಿಕೊಡುತ್ತಿದ್ದರು. ನಮ್ಮ ಊರುಗಳ ಕೂಲಿಮಠದ ಬಗ್ಗೆ ಅಜ್ಜಿ-ತಾತ ಹೇಳಿದ್ದು ನೆನಪಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೂಲಿಮಠ ಅಂದರೆ ಒಬ್ಬ ಮೇಷ್ಟ್ರು, ಒಂದು ಜಗಲಿ, ಮರಳಿನ ಮೇಲೆ ಬೆರಳಲ್ಲಿ ತಿದ್ದುವ ಅಕ್ಷರ. ಮೇಷ್ಟ್ರು ಊರು ಬಿಟ್ಟರೆ ಮಠವೂ ಮುಗಿಯಿತು. ಅಲ್ ಅಹ್ಮದಿಯಾ ತಂದ ಬದಲಾವಣೆ ಇಲ್ಲೇ ಇರುವುದು: ತರಗತಿಗಳಿರುವ ಕಟ್ಟಡ, ಒಬ್ಬರಿಗಿಂತ ಹೆಚ್ಚು ಶಿಕ್ಷಕರು, ಕುರಾನ್ ಜೊತೆಗೆ ಅರಬಿ ಭಾಷೆ, ಗಣಿತ. ಬಡವರ ಮಕ್ಕಳ ಖರ್ಚನ್ನು ಸ್ಥಾಪಕರೇ ನೋಡಿಕೊಂಡರು. ಆದರೆ ಇದೆಲ್ಲ ಗಂಡುಮಕ್ಕಳಿಗೆ ಮಾತ್ರ. ಹುಡುಗಿಯರು ಆಧುನಿಕ ಶಾಲೆಗಾಗಿ 1950ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಈಗ ಕಷ್ಟದ ಭಾಗ. ಜಪಾನಿನಲ್ಲಿ ಮಿಕಿಮೊಟೊ ಮುಂತಾದವರು ಮುತ್ತನ್ನು ಕೃಷಿ ಮಾಡೋದು ಕಲಿತರು. 1929ರಲ್ಲಿ ಜಗತ್ತಿನ ಆರ್ಥಿಕತೆಯೇ ಕುಸಿಯಿತು. ಮುತ್ತು ಕೊಳ್ಳುವವರು ಇಲ್ಲದಂತಾಯಿತು. ವ್ಯಾಪಾರಿಗಳ ಕೈ ಖಾಲಿಯಾದಾಗ ಶಾಲೆಯ ಬಾಗಿಲೂ 1932ರಲ್ಲಿ ಮುಚ್ಚಿತು. ನಾನು ಕೆಲಸ ಮಾಡೋದು ಡೇಟಾ ಜೊತೆ. ಒಂದೇ ಕಂಬದ ಮೇಲೆ ಇಡೀ ವ್ಯವಸ್ಥೆ ನಿಂತಿದ್ದರೆ ನಮಗೆ ನಿದ್ದೆ ಬರೋದಿಲ್ಲ. ಈ ಶಾಲೆಗೆ ಇದ್ದದ್ದು ಅಂಥದ್ದೇ ಒಂದು ಕಂಬ.

1937ರಲ್ಲಿ ಸರ್ಕಾರದ ನೆರವಿನಿಂದ ಅದು ಮತ್ತೆ ತೆರೆಯಿತು. ಆಮೇಲೆ ಮಕ್ಕಳು ಎಷ್ಟು ಹೆಚ್ಚಿದರು ಅಂದರೆ 1960ರ ದಶಕದ ಆರಂಭದಲ್ಲಿ ಶಾಲೆ ದೊಡ್ಡ ಜಾಗಕ್ಕೆ ಹೋಗಬೇಕಾಯಿತು. ದುಬೈ ಆಳಿದ ಶೇಖ್ ರಶೀದ್, ಈಗ ಆಳುತ್ತಿರುವ ಅವರ ಮಗ ಶೇಖ್ ಮೊಹಮ್ಮದ್, ಇಬ್ಬರೂ ಇಲ್ಲಿನ ವಿದ್ಯಾರ್ಥಿಗಳೇ. ಹಳೆಯ ಕಟ್ಟಡ ಪಾಳು ಬಿದ್ದಿತ್ತು. 1990ರ ದಶಕದಲ್ಲಿ ದುಬೈ ಮುನ್ಸಿಪಾಲಿಟಿ ಅದನ್ನು ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿತು.

ಹಳೆಯ ಶಾಲೆಯನ್ನು ಗೌರವಿಸುವಾಗ ನಾವು ಸ್ಥಾಪನೆಯ ವರ್ಷವನ್ನು ಹಲಗೆಯ ಮೇಲೆ ಬರೆಯುತ್ತೇವೆ. ನನಗೆ 1912ಕ್ಕಿಂತ 1937 ದೊಡ್ಡದು ಅನ್ನಿಸುತ್ತದೆ. ಕೈಯಲ್ಲಿ ದುಡ್ಡಿರುವಾಗ ಶಾಲೆ ತೆರೆಯೋದು ಔದಾರ್ಯ. ಮುಚ್ಚಿದ ಮೇಲೆ, ಊರು ಇನ್ನೂ ಬಡತನದಲ್ಲಿರುವಾಗ ಮತ್ತೆ ತೆರೆಯೋದು, ಇದು ನಮಗೆ ಬೇಕೇ ಬೇಕು ಅಂತ ಊರೇ ತೀರ್ಮಾನ ಮಾಡಿದ ಹಾಗೆ.

ಇದನ್ನು ನಿಮಗೆ ಯಾಕೆ ಹೇಳುತ್ತಿದ್ದೇನೆ? ಇದೇ ದುಬೈನಲ್ಲಿ 2014ರಿಂದ ಕನ್ನಡ ಪಾಠಶಾಲೆ ನಡೆಯುತ್ತಿದೆ. ಕನ್ನಡ ಮಿತ್ರರು ಬಳಗ ಶುರು ಮಾಡಿದ್ದು. ವಾರಾಂತ್ಯದ ತರಗತಿ, ಶುಲ್ಕವಿಲ್ಲ, ಕಲಿಸುವವರು ಸ್ವಯಂಸೇವಕರು. ನಿಮ್ಮಲ್ಲಿ ಕೆಲವರು ಅ, ಆ, ಇ, ಈ ಬರೆದಿದ್ದು ಇಂಥ ತರಗತಿಗಳಲ್ಲೇ. ಇದರ ಕಂಬ ಮುತ್ತಲ್ಲ, ಯಾರದೋ ರಜಾದಿನ. ವೀಸಾ ಮುಗಿದರೆ, ಕೆಲಸ ಬದಲಾದರೆ, ಆ ಟೀಚರ್ ಊರಿಗೆ ಹೊರಟುಬಿಡುತ್ತಾರೆ. ಆಗ ಅವರ ಜಾಗಕ್ಕೆ ಯಾರು? ಈಗ ಕಲಿಯುತ್ತಿರುವ ನೀವೇ ಆಗಬಹುದು. ಕನ್ನಡ ಪಂಡಿತರಾಗಿರಬೇಕಿಲ್ಲ. ಕಾಗುಣಿತ ತಿದ್ದಿಸಲು ಬಂದರೆ ಸಾಕು.

ಅಲ್ ರಾಸ್‌ಗೆ ಒಮ್ಮೆ ಹೋಗಿ ಬನ್ನಿ. ಮ್ಯೂಸಿಯಂ ತೆರೆದಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಈ ಶಾಲೆ ಐದು ವರ್ಷ ಮುಚ್ಚಿತ್ತು ಅನ್ನೋದನ್ನು ಮರೆಯದೆ ಹೇಳಿ.