ಮಲ್ಪೆ ಮೀನುಗಾರಿಕೆಯಲ್ಲಿ ಡಿಜಿಟಲ್ ತಂತ್ರಜ್ಞಾನ

ಕರ್ನಾಟಕದ ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಹೊರಡುವ ಮೀನುಗಾರಿಕಾ ದೋಣಿಗಳು ಜಿಪಿಎಸ್, ಮೀನುಶೋಧಕ, ವಿಎಚ್‌ಎಫ್ ರೇಡಿಯೊ, ಮೊಬೈಲ್ ದೂರವಾಣಿ ಮತ್ತು ಉಪಗ್ರಹ ಆಧಾರಿತ ಮುನ್ಸೂಚನೆಗಳನ್ನು ಬಳಸುತ್ತವೆ. ಈ ಸಾಧನಗಳಿಂದ ಮೀನನ್ನು ಹುಡುಕುವ ಸಮಯ, ಇಂಧನದ ವೆಚ್ಚ ಮತ್ತು ಸಮುದ್ರಯಾನದ ಅಪಾಯ ತಗ್ಗಬಲ್ಲವು. ಆದರೆ ಮೀನುಗಾರಿಕೆಯು ಬೇಸಾಯದಂತೆ ಬಿತ್ತಿ ಬೆಳೆಯುವ ಕಸುಬಲ್ಲ. ಬೇಸಾಯದಲ್ಲಿ ಉತ್ತಮ ಮಾಹಿತಿಯು ಇಳುವರಿಯನ್ನೇ ಹೆಚ್ಚಿಸಬಹುದು. ಕಡಲಿನಲ್ಲಿ ಅದು ಇರುವ ಮೀನನ್ನು ಬೇಗನೆ ತಲುಪಿಸುತ್ತದೆಯೇ ಹೊರತು ಮೀನಿನ ಸಂತತಿಯನ್ನು ಹೆಚ್ಚಿಸುವುದಿಲ್ಲ.

ಹಿನ್ನೆಲೆ

ಮಲ್ಪೆಯು ಉಡುಪಿ ನಗರದ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿ, ಉದ್ಯಾವರ ಹೊಳೆಯ ಅಳಿವೆಯ ಬಳಿ ಇದೆ. ಇದು ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಇಲ್ಲಿನ ಮೀನುಗಾರಿಕೆಯಲ್ಲಿ ಮೊಗವೀರ ಸಮುದಾಯದವರು ಪರಂಪರೆಯಿಂದ ತೊಡಗಿದ್ದಾರೆ. ಹಿಂದೆ ಹತ್ತಾರು ಜನರು ಕೂಡಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯು ಬಂಗುಡೆ ಮತ್ತು ಬೂತಾಯಿ ಹಿಡಿಯುವ ಮುಖ್ಯ ವಿಧಾನವಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಟ್ರಾಲ್ ದೋಣಿಗಳು ಆಳಸಮುದ್ರಕ್ಕೆ ಸಾಗಿ ಹತ್ತು ದಿನಗಳವರೆಗೂ ಅಲ್ಲಿ ಉಳಿಯುವ ಪದ್ಧತಿ ಬೆಳೆದಂತೆ, ದಡ ಕಾಣದ ಜಾಗದಲ್ಲಿ ದಿಕ್ಕು ತಿಳಿಯುವುದು ಅನಿವಾರ್ಯವಾಯಿತು.

ನೀರಿನ ಬಣ್ಣ, ಹಕ್ಕಿಗಳ ಹಾರಾಟ, ನಕ್ಷತ್ರಗಳು, ದಡದ ಗುಡ್ಡ ಮತ್ತು ಮರಗಳ ಸಾಲು ಹಿಂದಿನವರ ಗುರುತುಗಳಾಗಿದ್ದವು. ನೀರಿನ ಆಳವನ್ನು ಮಾರುಗಳಲ್ಲಿ ಅಳೆಯಲಾಗುತ್ತಿತ್ತು. ಹೊಸ ಸಾಧನಗಳು ಈ ತಿಳಿವಳಿಕೆಯ ಬಹುಭಾಗವನ್ನು ಅಂಕಿಗಳಾಗಿ ಪರದೆಯ ಮೇಲೆ ತಂದಿವೆ.

ಬಳಕೆಯಲ್ಲಿರುವ ಸಾಧನಗಳು

ಜಿಪಿಎಸ್: ಅಕ್ಷಾಂಶ ಮತ್ತು ರೇಖಾಂಶವನ್ನು ತೋರಿಸುವ ಈ ಉಪಕರಣದಲ್ಲಿ ಮೀನು ದೊರೆತ ಜಾಗವನ್ನೂ, ಬಲೆ ಹರಿಯುವ ಕಲ್ಲುಗಳಿರುವ ಜಾಗವನ್ನೂ ಗುರುತಿಸಿ ಇಡಬಹುದು. ಮುಂದಿನ ಯಾನದಲ್ಲಿ ಅದೇ ಜಾಗವನ್ನು ನೇರವಾಗಿ ತಲುಪಬಹುದು ಅಥವಾ ತಪ್ಪಿಸಬಹುದು.

ಮೀನುಶೋಧಕ: ಇದು ದೋಣಿಯ ತಳದಿಂದ ಧ್ವನಿತರಂಗಗಳನ್ನು ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಆಳವನ್ನೂ ಮೀನಿನ ಗುಂಪನ್ನೂ ಗುರುತಿಸುತ್ತದೆ. ಸಮುದ್ರದ ನೀರಿನಲ್ಲಿ ಧ್ವನಿಯ ವೇಗವು ಸೆಕೆಂಡಿಗೆ ಸುಮಾರು 1,500 ಮೀಟರ್. ಸೋನಾರ್ ಉಪಕರಣವು ದೋಣಿಯ ಸುತ್ತಲಿನ ಗುಂಪುಗಳನ್ನೂ ಪತ್ತೆಹಚ್ಚಬಲ್ಲದು.

ವಿಎಚ್‌ಎಫ್ ಮತ್ತು ಮೊಬೈಲ್: ಮೊಬೈಲ್ ಸಂಕೇತವು ದಡದ ಸಮೀಪದಲ್ಲಿ ಮಾತ್ರ ಸಿಗುವುದರಿಂದ, ಆಚೆಗೆ ದೋಣಿಗಳ ನಡುವಿನ ಮಾತುಕತೆ ವಿಎಚ್‌ಎಫ್ ಮೂಲಕ ನಡೆಯುತ್ತದೆ.

ಮೀನು ಲಭ್ಯತೆಯ ಮುನ್ಸೂಚನೆ

ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು (ಇನ್ಕಾಯ್ಸ್) 1999ರಲ್ಲಿ ಸ್ಥಾಪನೆಯಾಯಿತು. ಇದು ಮೀನು ಸಿಗುವ ಸಂಭವವುಳ್ಳ ವಲಯಗಳ ಮಾಹಿತಿಯನ್ನು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ನೀಡುತ್ತದೆ. ಉಪಗ್ರಹಗಳು ಸಮುದ್ರದ ಮೇಲ್ಮೈಯ ಉಷ್ಣತೆಯನ್ನೂ ಹರಿತ್ತಿನ ಪ್ರಮಾಣವನ್ನೂ ಅಳೆಯುತ್ತವೆ. ಹರಿತ್ತು ಹೆಚ್ಚಿದ್ದರೆ ಅಲ್ಲಿ ಸಸ್ಯಪ್ಲವಕಗಳಿವೆ ಎಂದರ್ಥ. ಬೆಚ್ಚನೆಯ ಮತ್ತು ತಂಪಾದ ನೀರು ಸಂಧಿಸುವೆಡೆ ಆಹಾರ ಸಾಂದ್ರವಾಗುವುದರಿಂದ ಮೀನುಗಳು ಗುಂಪುಗೂಡುವ ಸಾಧ್ಯತೆ ಹೆಚ್ಚು. ಇಳಿದಾಣದಿಂದ ಆ ವಲಯಕ್ಕಿರುವ ದಿಕ್ಕು, ದೂರ ಮತ್ತು ಅಲ್ಲಿನ ಆಳವನ್ನು ಸೂಚನೆಯಲ್ಲಿ ತಿಳಿಸಲಾಗುತ್ತದೆ.

ಮೋಡ ಕವಿದಾಗ ಉಪಗ್ರಹಕ್ಕೆ ಕಡಲು ಕಾಣದ ಕಾರಣ ಸೂಚನೆ ದೊರೆಯದು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಈ ಅವಧಿಯಲ್ಲಿ ನಾಡದೋಣಿಯವರು ಮಾತ್ರ ದಡದ ಸಮೀಪ ಬಲೆ ಬೀಸುತ್ತಾರೆ. ಮಳೆಗಾಲದ ಮೋಡದಿಂದಾಗಿ ಮುನ್ಸೂಚನೆಯ ಪ್ರಯೋಜನ ಅವರಿಗೆ ದೊರೆಯುವುದು ಕಡಿಮೆ.

ಮಾರುಕಟ್ಟೆಯ ಮೇಲಿನ ಪರಿಣಾಮ

ಮೀನು ಬೇಗನೆ ಕೆಡುವ ಸರಕು. ಯಾವ ದಡದಲ್ಲಿ ಬೆಲೆ ಚೆನ್ನಾಗಿದೆ ಎಂಬುದು ಮುಂಚೆಯೇ ತಿಳಿದರೆ ನಷ್ಟ ತಗ್ಗುತ್ತದೆ. ಈ ಬಗ್ಗೆ ಹೆಚ್ಚು ಉಲ್ಲೇಖವಾಗುವ ಅಧ್ಯಯನವು ಮಲ್ಪೆಯ ದಕ್ಷಿಣಕ್ಕಿರುವ ಕಾಸರಗೋಡು ಸೇರಿದಂತೆ ಉತ್ತರ ಕೇರಳದ ಜಿಲ್ಲೆಗಳಿಗೆ ಸಂಬಂಧಿಸಿದೆ. ಅಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಸೇವೆ ಹಂತಹಂತವಾಗಿ ಬಂದಾಗ ಬೂತಾಯಿ ಮಾರಾಟದಲ್ಲಾದ ಬದಲಾವಣೆಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ದಡದಿಂದ ದಡಕ್ಕಿದ್ದ ಬೆಲೆಯ ಅಂತರ ಕುಗ್ಗಿತು, ಮಾರಾಟವಾಗದೆ ಎಸೆಯುವ ಮೀನು ಇಲ್ಲವಾಯಿತು, ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರು ಕೊಡುವ ಬೆಲೆ ಶೇ. 4ರಷ್ಟು ಇಳಿಯಿತು ಎಂಬುದು ಅದರ ನಿರ್ಣಯ. ಹಿಡಿದ ಮೀನಿನ ಪ್ರಮಾಣ ಹೆಚ್ಚದೆಯೇ ಆದಾಯ ಹೆಚ್ಚಿದ್ದು ಇಲ್ಲಿ ಗಮನಾರ್ಹ.

ಸುರಕ್ಷತೆ

ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಏಳು ಮೀನುಗಾರರೊಂದಿಗೆ ಮಹಾರಾಷ್ಟ್ರದ ಕಡಲಿನಲ್ಲಿ ಕಾಣೆಯಾಯಿತು. ಅದರ ಅವಶೇಷ ಮಾಲ್ವಣ ಸಮೀಪದ ಸಮುದ್ರತಳದಲ್ಲಿ ನೌಕಾಪಡೆಗೆ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಜಿಪಿಎಸ್ ಉಪಕರಣವು ದೋಣಿಯಲ್ಲಿದ್ದವರಿಗೆ ತಾವು ಎಲ್ಲಿದ್ದೇವೆಂದು ತೋರಿಸುತ್ತದೆಯಷ್ಟೆ. ದಡದಲ್ಲಿರುವವರಿಗೆ ಅದನ್ನು ತಾನಾಗಿ ತಿಳಿಸುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲದ್ದು ಇಸ್ರೋ ಅಭಿವೃದ್ಧಿಪಡಿಸಿದ, ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಕಳುಹಿಸಬಹುದಾದ ಟ್ರಾನ್ಸ್‌ಪಾಂಡರ್. ದೇಶದ 1 ಲಕ್ಷ ದೋಣಿಗಳಿಗೆ ಇದನ್ನು ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ನೀಡಲಾಯಿತು.

ಮಿತಿಗಳು

ಉಪಕರಣ ಕೊಳ್ಳುವ ಶಕ್ತಿ ದೊಡ್ಡ ದೋಣಿಗಳ ಮಾಲೀಕರಿಗೆ ಹೆಚ್ಚು, ನಾಡದೋಣಿಯವರಿಗೆ ಕಡಿಮೆ. ಒಂದೇ ಮಾಹಿತಿ ಎಲ್ಲರಿಗೂ ತಲುಪಿದರೆ ಹಲವು ದೋಣಿಗಳು ಒಂದೇ ವಲಯಕ್ಕೆ ನುಗ್ಗುವ ಸಂಭವವೂ ಇದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಮೀನಿನ ಸಂತತಿಯದು. ಬೂತಾಯಿಯ ಲಭ್ಯತೆಯು ಹವಾಮಾನದ ಏರುಪೇರಿಗೆ ಬಹುಬೇಗ ಒಳಗಾಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ 3,297 ಟನ್‌ಗೆ ಕುಸಿಯಿತು ಎಂದು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಾಖಲಿಸಿದೆ. ದೋಣಿಗಳಲ್ಲಿ ಮೀನುಶೋಧಕ ಇದ್ದ ಕಾಲದಲ್ಲಿಯೇ ಈ ಕುಸಿತ ಸಂಭವಿಸಿತು. ಮೀನು ಕಡಿಮೆಯಾಗುತ್ತಿರುವಾಗಲೂ ಉಳಿದ ಗುಂಪುಗಳನ್ನು ಸಾಧನಗಳು ಹುಡುಕಿಕೊಡುವುದರಿಂದ, ಒಂದು ಯಾನದ ಹಿಡಿತವನ್ನಷ್ಟೇ ನೋಡಿ ಸಂತತಿಯ ಸ್ಥಿತಿಯನ್ನು ಅಳೆಯುವುದು ತಪ್ಪು ಎಣಿಕೆಗೆ ದಾರಿಯಾಗಬಹುದು. ಪ್ರಖರ ದೀಪ ಬಳಸುವ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರವು 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಹೀಗೆ ಯಾವ ತಂತ್ರವನ್ನು ಎಷ್ಟರಮಟ್ಟಿಗೆ ಬಳಸಬೇಕು ಎಂಬುದನ್ನು ಮಳೆಗಾಲದ ನಿಷೇಧ, ಬಲೆಯ ಕಣ್ಣಿನ ಅಳತೆ ಮೊದಲಾದ ನಿಯಮಗಳೊಂದಿಗೆ ಸೇರಿಸಿಯೇ ಪರಿಗಣಿಸಬೇಕಾಗುತ್ತದೆ.

ಇವನ್ನೂ ನೋಡಿ

ಮಲ್ಪೆ
ರಂಪಣಿ ಬಲೆ
ಬೂತಾಯಿ
ಮೊಗವೀರ
ಇನ್ಕಾಯ್ಸ್