ಒಂದು ದಿನದ ಸ್ಕೂಬಾ ಪ್ರಮಾಣಪತ್ರ ‘ಲೈಸೆನ್ಸ್’ ಆಗುತ್ತದೆಯೇ?

ನೇತ್ರಾಣಿ, ಗೋವಾ, ಅಂಡಮಾನ್‌ಗೆ ಹೋಗಿಬಂದವರ ಸ್ಕೂಬಾ ಫೋಟೊಗಳ ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಮಾತೂ ಹರಿದಾಡುತ್ತದೆ: ‘ಒಂದೇ ದಿನದಲ್ಲಿ ಸ್ಕೂಬಾ ಲೈಸೆನ್ಸ್, ಈಜು ಬರದಿದ್ದರೂ ಆಗುತ್ತದೆ’. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಯಾವುದು ನಿಜ, ಯಾವುದು ಸುಳ್ಳು ಎಂದು ನೋಡೋಣ.

ಒಂದು ದಿನದಲ್ಲಿ ಸಿಗುವುದೇನು?

ಪರಿಚಯದ ಡೈವ್. ನೀರಿನಡಿಯಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಪಕ್ಕದಲ್ಲೇ ಇದ್ದು, ಸುರಕ್ಷತೆಯ ಹೊಣೆಯನ್ನು ತಾವೇ ಹೊರುತ್ತಾರೆ. ಅದಕ್ಕೇ ಹಲವು ಕಡೆ ಈಜು ಬಾರದವರನ್ನೂ ಕರೆದೊಯ್ಯುತ್ತಾರೆ. ಪಾಡಿ ಸಂಸ್ಥೆಯ ಇಂತಹ ಕಾರ್ಯಕ್ರಮದಲ್ಲಿ 12 ಮೀಟರ್‌ಗಿಂತ ಆಳಕ್ಕೆ ಹೋಗುವಂತಿಲ್ಲ. ಕೊನೆಗೆ ಕೊಡುವ ಪ್ರಮಾಣಪತ್ರ ‘ಭಾಗವಹಿಸಿದ್ದೀರಿ’ ಎನ್ನುತ್ತದೆ ಅಷ್ಟೇ. ಅದನ್ನು ತೋರಿಸಿ ಬೇರೆಡೆ ಸ್ವತಂತ್ರವಾಗಿ ಡೈವ್ ಮಾಡಲು ಆಗುವುದಿಲ್ಲ.

ಹಾಗಾದರೆ ನಿಜವಾದ ಅರ್ಹತೆ ಯಾವುದು?

ಮನರಂಜನೆಗಾಗಿ ಡೈವ್ ಮಾಡುವವರಿಗೆ ಐಎಸ್‌ಒ 24801 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಮೂರು ಹಂತ: ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಮಾತ್ರ ಡೈವ್ ಮಾಡಬಲ್ಲವರು, ಜೊತೆಗಾರರೊಂದಿಗೆ ಸ್ವತಂತ್ರವಾಗಿ ಡೈವ್ ಮಾಡಬಲ್ಲವರು, ಇತರರನ್ನು ಮುನ್ನಡೆಸಬಲ್ಲವರು. ಇನ್‌ಸ್ಟ್ರಕ್ಟರ್‌ಗಳಿಗೆ ಐಎಸ್‌ಒ 24802 ಎಂಬ ಬೇರೆ ಮಾನದಂಡವೇ ಇದೆ.

ಪಾಡಿಯ ‘ಓಪನ್ ವಾಟರ್’ ಕೋರ್ಸ್ ಎರಡನೇ ಹಂತದ್ದು. ಇದರಲ್ಲಿ ಪಾಠ, ಪರೀಕ್ಷೆ, ಈಜುಕೊಳದಂತಹ ಶಾಂತ ನೀರಿನಲ್ಲಿ ಅಭ್ಯಾಸ, ಆಮೇಲೆ ಕನಿಷ್ಠ 4 ತೆರೆದ ನೀರಿನ ಡೈವ್‌ಗಳು ಇರುತ್ತವೆ. ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಇಷ್ಟೆಲ್ಲ ಮುಗಿಸಿದ ವಯಸ್ಕರಿಗೂ ಮಿತಿ 18 ಮೀಟರ್.

ಇಷ್ಟು ಕಲಿಯುವ ಅಗತ್ಯವೇನು?

ಕಾರಣ ಒತ್ತಡ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಕಟ್ಟಿಕೊಂಡು ಮೇಲೆ ನುಗ್ಗಿದರೆ ಶ್ವಾಸಕೋಶ ಹರಿಯಬಹುದು. ಈಜುಕೊಳದಷ್ಟು ಆಳದಲ್ಲೂ ಈ ಅಪಾಯ ಇದೆ.

ಬೆನ್ನಿಗೆ ಕಟ್ಟುವುದು ‘ಆಕ್ಸಿಜನ್ ಸಿಲಿಂಡರ್’ ಅಲ್ಲ ಎಂಬುದೂ ನೆನಪಿರಲಿ. ಸಾಮಾನ್ಯವಾಗಿ ಅದರಲ್ಲಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರಲ್ಲಿನ ನೈಟ್ರೋಜನ್ ಆಳದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ. ಬೇಗ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಾಗ ಆಗುವಂತೆ ಗುಳ್ಳೆಗಳಾಗಿ, ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ತರಬಹುದು.

ಮಾಸ್ಕ್‌ಗೆ ನೀರು ನುಗ್ಗಿದರೆ ಹೊರಹಾಕುವುದು, ಬಾಯಿಂದ ಕಳಚಿದ ರೆಗ್ಯುಲೇಟರ್ ಮತ್ತೆ ಹಿಡಿಯುವುದು, ಗಾಳಿ ಮುಗಿದರೆ ಜೊತೆಗಾರರ ಗಾಳಿ ಪಡೆದು ನಿಧಾನವಾಗಿ ಮೇಲೇರುವುದು ಇವೆಲ್ಲ ಗಾಬರಿಯಲ್ಲೂ ಕೈಗೆ ಬರಬೇಕು. ಹಾಗಾಗಿಯೇ ಪದೇ ಪದೇ ಅಭ್ಯಾಸ ಮಾಡಿಸುತ್ತಾರೆ.

ಹವ್ಯಾಸಿ ಕ್ಲಬ್‌ನಲ್ಲಿ ಕಲಿತರೆ ನಡೆಯುತ್ತದೆಯೇ?

ನಮ್ಮಲ್ಲಿ ಸ್ಕೂಬಾ ಕಲಿಸುವುದು ಹೆಚ್ಚಾಗಿ ವಾಣಿಜ್ಯ ಕೇಂದ್ರಗಳು. ಬ್ರಿಟನ್, ಫ್ರಾನ್ಸ್‌ನಂತಹ ದೇಶಗಳಲ್ಲಿ ಕ್ಲಬ್‌ಗಳೂ ಕಲಿಸುತ್ತವೆ. 1953ರಲ್ಲಿ ಶುರುವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್‌ನ ಶಾಖೆಗಳಲ್ಲಿ ಸಂಬಳವಿಲ್ಲದ ಸ್ವಯಂಸೇವಕರೇ ಪಾಠ ಮಾಡುತ್ತಾರೆ. ಹಾಗೆಂದು ಮಾನದಂಡ ಸಡಿಲವಲ್ಲ. ಆ ಸ್ವಯಂಸೇವಕರೂ ತರಬೇತಿ ಪಡೆದು, ಪರೀಕ್ಷೆ ಪಾಸಾಗಿರಬೇಕು. ಅಲ್ಲಿನ ಮೊದಲ ಹಂತ ‘ಓಷನ್ ಡೈವರ್’ಗೆ 20 ಮೀಟರ್ ಮಿತಿ. ಮುಂದಿನ ‘ಸ್ಪೋರ್ಟ್ಸ್ ಡೈವರ್’ ಅನುಭವ ಗಳಿಸುತ್ತಾ 35 ಮೀಟರ್‌ವರೆಗೆ ಹೋಗಬಹುದು. ದೇಶ ದೇಶಗಳ ಡೈವಿಂಗ್ ಒಕ್ಕೂಟಗಳು ಸೇರಿ 1959ರಲ್ಲಿ ಕಟ್ಟಿಕೊಂಡ ಸಿಎಂಎಎಸ್ ಕೂಡ ಡೈವರ್‌ಗಳಿಗೆ ಒಂದು, ಎರಡು, ಮೂರು ಸ್ಟಾರ್ ಎಂದು ಹಂತ ಹಂತವಾಗಿ ಅರ್ಹತೆ ನೀಡುತ್ತದೆ.

ಅಂದರೆ ‘ಹವ್ಯಾಸಿ’ ಎಂದರೆ ದುಡ್ಡಿಗಾಗಿ ಮಾಡದವರು ಎಂದರ್ಥ, ಅರೆಬರೆ ಕಲಿತವರು ಎಂದಲ್ಲ.

ಕಾರ್ಡ್ ಸಿಕ್ಕ ಮೇಲೆ?

ಈ ಕಾರ್ಡ್ ವಾಹನದ ಲೈಸೆನ್ಸ್‌ನಂತೆ ಸರ್ಕಾರ ಕೊಡುವುದಲ್ಲ, ತರಬೇತಿ ಸಂಸ್ಥೆ ಕೊಡುವುದು. ಪಾಡಿ ಕಾರ್ಡ್‌ಗೆ ಅವಧಿ ಮುಗಿಯುವುದಿಲ್ಲ. ಆದರೆ ಕೈ ಮರೆತುಹೋಗುತ್ತದೆ. ಬಹಳ ದಿನ ನೀರಿಗಿಳಿಯದಿದ್ದರೆ ಮತ್ತೆ ಅಭ್ಯಾಸ ಮಾಡಿಯೇ ಹೋಗಬೇಕು.

ದುಡ್ಡು ಕಟ್ಟುವ ಮುನ್ನ ಕೇಳಿ

• ಇದು ಪರಿಚಯದ ಡೈವೋ, ಪೂರ್ಣ ಕೋರ್ಸೋ?
• ಇನ್‌ಸ್ಟ್ರಕ್ಟರ್ ಯಾವ ಸಂಸ್ಥೆಯವರು, ಅವರ ಸದಸ್ಯತ್ವ ಸಂಖ್ಯೆ ಏನು? ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳಿ.
• ನೀರಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಮಂದಿ?
• ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆಯೇ? ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ ಇದ್ದರೆ ಮುಚ್ಚಿಡಬೇಡಿ, ಮೊದಲು ವೈದ್ಯರನ್ನು ಕಾಣಿ.
• ದೋಣಿಯಲ್ಲಿ ತುರ್ತು ಆಕ್ಸಿಜನ್ ಇದೆಯೇ?
• ವಾಪಸ್ ವಿಮಾನ ಯಾವಾಗ? ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು ಎಂಬುದು ಸಾಮಾನ್ಯ ಸಲಹೆ.

ಒಟ್ಟಿನಲ್ಲಿ: ಒಂದು ದಿನದಲ್ಲಿ ಸಮುದ್ರದೊಳಗಿನ ಲೋಕ ನೋಡಿಬರಬಹುದು, ಇದು ನಿಜ. ಅದರಿಂದ ಲೈಸೆನ್ಸ್ ಸಿಗುತ್ತದೆ ಎಂಬುದು ಸುಳ್ಳು. ನಿಮ್ಮ ಗ್ರೂಪಿಗೆ ಆ ಸಂದೇಶ ಬಂದರೆ ಈ ಎರಡು ಸಾಲನ್ನೂ ಜೊತೆಗೆ ಕಳುಹಿಸಿ.