ವಿಕ್ರೋಳಿಯ ವಿಜಯದಶಮಿ

ಕ್ರಿ.ಶ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ಅರಸೊತ್ತಿಗೆಯ ಉತ್ಸವವಾಗಿತ್ತು. ವಿಕ್ರೋಳಿಯ ದಸರೆಯಾದರೋ ದುಡಿಯುವವರ ಹಬ್ಬ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಸಾಗಿದ ಮಾರ್ಗದಲ್ಲೇ ಈ ಊರಿದೆ. ಪ್ರಥಮ ಮಹಾಚುನಾವಣೆಗೆಂದು 1951ರಲ್ಲಿ ಇಲ್ಲಿಯ ಗೋದ್ರೇಜ್ ಕಾರ್ಖಾನೆಯಲ್ಲಿ 12 ಲಕ್ಷಕ್ಕೂ ಮಿಕ್ಕಿ ಮತಪೆಟ್ಟಿಗೆಗಳು ಸಿದ್ಧವಾದವು. ಮುಂಬಯಿಯ ಇಂತಹ ಉದ್ಯಮಗಳನ್ನು ನಂಬಿ ಕನ್ನಡ ನಾಡಿನ ಅನೇಕ ಕುಟುಂಬಗಳು ಉಪನಗರಗಳಲ್ಲಿ ನೆಲೆಸಿದವು.

ವರ್ಷವಿಡೀ ಪಾಳಿಯ ಕೆಲಸದಲ್ಲಿದ್ದವರಿಗೆ ದಸರೆಯ ರಜೆಯೇ ಒಂದೆಡೆ ಸೇರುವ ಅವಕಾಶ. ಊರಿನಲ್ಲಿ ಬನ್ನಿಯನ್ನು ಬಂಗಾರವೆಂದು ಹಂಚುತ್ತಿದ್ದವರು ಇಲ್ಲಿ ಮರಾಠಿ ನೆರೆಯವರೊಡನೆ ಆಪಟಾ ಎಲೆಯನ್ನು ಅದೇ ಭಾವದಿಂದ ವಿನಿಮಯ ಮಾಡಿಕೊಂಡರು. ರೈಲ್ವೆಯಲ್ಲಿ ಸೇವೆ ಸಲ್ಲಿಸಿದ ನನಗೆ, ಹಬ್ಬದಂದು ಹೂಮಾಲೆ ಧರಿಸಿ ನಿಂತ ಯಂತ್ರಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ.

ನಮಗೆ ಈ ದಿನದ ಮಹತ್ವ ಇನ್ನೂ ಒಂದಿದೆ. ಶ್ರೀಮದಾಚಾರ್ಯರು ಪಾಜಕದಲ್ಲಿ ಅವತರಿಸಿದ್ದು ವಿಜಯದಶಮಿಯಂದೇ; ಆ ವರ್ಷ 1238 ಎಂಬುದು ಬಹುಮಾನ್ಯವಾದ ಮತ. ಆಪಟಾ ಎಲೆಯನ್ನು ಬಲ್ಲ ನಮ್ಮ ಮೊಮ್ಮಕ್ಕಳು ಇದನ್ನು ಅರಿಯದೆ ಬೆಳೆದರೆ ರಜೆ ಉಳಿದೀತು, ಹಬ್ಬ ಉಳಿಯದು. ಎಲೆ ಕೊಡುವಾಗ ಈ ಒಂದು ಮಾತನ್ನೂ ಅವರ ಕಿವಿಗೆ ಹಾಕುವುದು ಹಿರಿಯರಾದ ನಮ್ಮ ಹೊಣೆ.

ಶ್ರೀಕೃಷ್ಣಾರ್ಪಣಮಸ್ತು.